ಬೋಜಾ ಇಳಿದ ಮೇಲೆ

ಪೇಪರಿನ ಒಳಪುಟದಲ್ಲಿ ನಾಲ್ಕು ಸಾಲಿನ ಸುದ್ದಿ: ಸೊಮಾಲಿಯಾ ದೇಶದ 450 ಕೋಟಿ ಡಾಲರ್ ಸಾಲ ಮನ್ನಾ. 2023ರ ಡಿಸೆಂಬರ್ ಅದು. ಜಮಖಂಡಿ ತಾಲೂಕಿನ ನಮ್ಮೂರಲ್ಲಿ ಕಬ್ಬಿನ ಸೀಜನ್ ಭರ್ಜರಿ ನಡೆದಿತ್ತು. ಪಿಕೆಪಿಎಸ್ (ರೈತರಿಗೆ ಸಾಲ ಕೊಡುವ ಊರಿನ ಸಹಕಾರಿ ಸೊಸೈಟಿ) ಮುಂದಿನ ರಸ್ತೆಯಲ್ಲಿ ಡಬಲ್ ಟ್ರೇಲರಿನ ಟ್ರ್ಯಾಕ್ಟರುಗಳು ಹಾಡು ಹಚ್ಚಿಕೊಂಡು ಹೋಗುತ್ತಿದ್ದವು. ಕಟ್ಟೆಯ ಮೇಲೆ ಕೂತಿದ್ದ ಕಾಕಾ ಸುದ್ದಿಯ ಮೇಲೆ ಬೆರಳಿಟ್ಟು ಕೇಳಿದರು:

"ಲೇ ತಮ್ಮಾ, ನಮ್ಮ ಸಾಲ ಮನ್ನಾ ಮಾಡಾಕ ಸರಕಾರ ಐತಿ. ಸರಕಾರದ ಸಾಲಾನ ಮನ್ನಾ ಮಾಡೂದಾದ್ರ ಯಾರು ಮಾಡ್ತಾರ? ಮಾಡಿದ್ರ ಅಲ್ಲಿ ಬಡವಗ ಏನು ಸಿಗತೈತಿ?"

ಮೊದಲನೆಯದಕ್ಕೆ ಉತ್ತರ ಸುಲಭ. ಎರಡನೆಯದಕ್ಕೆ ದೊಡ್ಡ ದೊಡ್ಡ ಅರ್ಥಶಾಸ್ತ್ರಜ್ಞರು ಮೂವತ್ತು ವರ್ಷದಿಂದ ಜಗಳ ಆಡುತ್ತಿದ್ದಾರೆ. ಆದರೆ ಕಾಕಾನಿಗೆ ಅದರ ಅರ್ಧ ಉತ್ತರ ಆಗಲೇ ಗೊತ್ತಿತ್ತು, ಏಕೆಂದರೆ ಅವರದೇ ಸಾಲ 2018ರಲ್ಲಿ ಮನ್ನಾ ಆಗಿತ್ತು.

ಅದನ್ನೇ ಮೊದಲು ಹೇಳುತ್ತೇನೆ. 2012ರಲ್ಲಿ ಕಾಕಾ ಬ್ಯಾಂಕಿನಿಂದ 1 ಲಕ್ಷ 10 ಸಾವಿರ ಬೆಳೆ ಸಾಲ ಎತ್ತಿದರು. ಎರಡು ಬೋರು ಕೈಕೊಟ್ಟವು, ಕಂತು ತುಂಬಲಿಲ್ಲ. ಆರು ವರ್ಷದಲ್ಲಿ ಬಡ್ಡಿ ಸೇರಿ ಅದು 1 ಲಕ್ಷ 90 ಸಾವಿರಕ್ಕೆ ಬಂತು. ಸೊಸೈಟಿಯವರು ಸುಸ್ತಿದಾರರ ಹೆಸರನ್ನು ಬೋರ್ಡಿಗೆ ಹಚ್ಚುತ್ತಾರೆ. ಬ್ಯಾಂಕಿನವರು ಬೋರ್ಡಿನ ಗೊಡವೆಗೆ ಹೋಗುವುದಿಲ್ಲ, ಉತಾರದ, ಅಂದರೆ ಪಹಣಿಯ, 11ನೇ ಕಾಲಂನಲ್ಲಿ ಬೋಜಾ (ಜಮೀನಿನ ಮೇಲೆ ಸಾಲ ಇದೆ ಎಂಬ ದಾಖಲೆ) ಕೂಡಿಸಿ ಸುಮ್ಮನಾಗುತ್ತಾರೆ. ಆ ಆರು ವರ್ಷ ಕಾಕಾ ಕಬ್ಬನ್ನು ತಮ್ಮ ಹೆಸರಲ್ಲಿ ಫ್ಯಾಕ್ಟರಿಗೆ ಕಳಿಸಲಿಲ್ಲ, ಮಗನ ಹೆಸರಲ್ಲಿ ಕಳಿಸಿದರು. ತಮ್ಮ ಖಾತೆಗೆ ಬಿಲ್ಲು ಬಿದ್ದರೆ ಬ್ಯಾಂಕು ಹಿಡಿದುಕೊಳ್ಳುತ್ತದೆ ಎಂಬ ಹೆದರಿಕೆ. ಹನಿ ನೀರಾವರಿ ಹಾಕಿಸಲಿಲ್ಲ. ಹಾಕಿಸಿ ಇಳುವರಿ ಹೆಚ್ಚಾದರೂ ಉಣ್ಣುವವರು ಬ್ಯಾಂಕಿನವರೇ ಅಲ್ಲವೇ ಎಂಬ ಲೆಕ್ಕ.

ಆಮೇಲೆ ಕುಮಾರಸ್ವಾಮಿ ಸರಕಾರ ಬ್ಯಾಂಕಿನ ಬೆಳೆ ಸಾಲಕ್ಕೆ 2 ಲಕ್ಷದವರೆಗೆ ಮನ್ನಾ ಮಾಡಿತು. ಕಾಕಾನ ಬೋಜಾ ಇಳಿಯಿತು. ಆ ದಿನ ಅವರ ಕೈಗೆ ಎಷ್ಟು ರೊಕ್ಕ ಬಂತು? ಒಂದು ಪೈಸೆಯೂ ಇಲ್ಲ. ಕಟ್ಟದೇ ಇದ್ದ ಸಾಲ ಹೋಯಿತು, ಅಷ್ಟೇ. ಕಂತು ಕಟ್ಟುತ್ತಿದ್ದವನಿಗೆ ಮನ್ನಾ ಆದರೆ ಆ ಕಂತಿನ ರೊಕ್ಕ ಕೈಯಲ್ಲಿ ಉಳಿಯುತ್ತದೆ. ಕಟ್ಟದವನಿಗೆ ಸಿಗುವುದು ಚೊಕ್ಕ ಉತಾರ: ತನ್ನ ಹೆಸರಲ್ಲಿ ಕಬ್ಬು ಕಳಿಸುವ, ಹೊಲಕ್ಕೆ ಖರ್ಚು ಮಾಡುವ ಧೈರ್ಯ. ಅದರ ಜೊತೆಗೆ ಹೊಸ ಸಾಲ ಎತ್ತುವ ಅವಕಾಶ. ದೇಶಗಳ ಸಾಲ ಮನ್ನಾ ಅರ್ಥವಾಗಬೇಕಾದರೆ ಈ ಎರಡನ್ನೂ ಬೇರೆ ಬೇರೆ ಇಟ್ಟು ನೋಡಬೇಕು. ಪತ್ರಿಕೆಗಳು ಇಷ್ಟು ಸಾವಿರ ಕೋಟಿ ಮನ್ನಾ ಎಂದು ಬರೆಯುವಾಗ ಎರಡನ್ನೂ ಒಂದೇ ಚೀಲಕ್ಕೆ ತುಂಬಿಬಿಡುತ್ತವೆ.

ಬಡ ದೇಶಗಳು ಸಾಲಕ್ಕೆ ಬಿದ್ದ ಕತೆ ನಮ್ಮ ಹೊಲದ ಕತೆಗಿಂತ ಬಹಳ ಬೇರೆಯಲ್ಲ. 1973ರಲ್ಲಿ ತೈಲದ ಬೆಲೆ ನೆಗೆಯಿತು. ತೈಲ ಮಾರಿದ ದೇಶಗಳು ಆ ಡಾಲರುಗಳನ್ನು ಅಮೆರಿಕ, ಯುರೋಪಿನ ಬ್ಯಾಂಕುಗಳಲ್ಲಿ ಇಟ್ಟವು. ಬ್ಯಾಂಕುಗಳಿಗೆ ಸಾಲ ಕೊಡಲು ಗಿರಾಕಿ ಬೇಕಿತ್ತು, ಬಡ್ಡಿಯೂ ಸೋವಿ ಇತ್ತು. ಶ್ರೀಮಂತ ದೇಶಗಳ ಸರಕಾರಗಳೂ ತಮ್ಮ ಯಂತ್ರ, ಟ್ರ್ಯಾಕ್ಟರು, ಬಂದೂಕು ಮಾರುವ ಸಲುವಾಗಿ ಉದ್ರಿ ಕೊಟ್ಟವು. 1979ರ ನಂತರ ಅಮೆರಿಕ ತನ್ನ ಬೆಲೆಯೇರಿಕೆ ತಡೆಯಲು ಬಡ್ಡಿಯನ್ನು ಏರಿಸುತ್ತಾ ಹೋಗಿ 20 ಪರ್ಸೆಂಟಿನ ಹತ್ತಿರ ಒಯ್ದಿತು. ಅದೇ ಹೊತ್ತಿಗೆ ಬಡ ದೇಶಗಳು ಮಾರುತ್ತಿದ್ದ ಕಾಫಿ, ಹತ್ತಿ, ತಾಮ್ರದ ದರ ಬಿತ್ತು. 1982ರಲ್ಲಿ ಮೆಕ್ಸಿಕೊ ಕೈ ಎತ್ತಿತು.

ಜಾಂಬಿಯಾವನ್ನೇ ನೋಡಿ. 1964ರಲ್ಲಿ ಸ್ವಾತಂತ್ರ್ಯ ಬಂದಾಗ ಆಫ್ರಿಕಾದಲ್ಲಿ ಅದು ಬಡ ದೇಶವೇನಲ್ಲ. ನೆಲದಡಿ ತಾಮ್ರ ಇತ್ತು. ರಫ್ತಿನ ಹತ್ತರಲ್ಲಿ ಒಂಬತ್ತು ಪಾಲು ಅದೊಂದೇ. 1975ರಲ್ಲಿ ತಾಮ್ರದ ದರ ಕುಸಿದಾಗ ಅಧ್ಯಕ್ಷ ಕೆನೆತ್ ಕೌಂಡಾ ಸರಕಾರ, ಇದು ಎರಡು ವರ್ಷದ ಮಾತು, ಮತ್ತೆ ಏರುತ್ತದೆ ಎಂದುಕೊಂಡು ಸಾಲ ತೆಗೆದು ನಡೆಸಿತು. ಏರಲಿಲ್ಲ. ಮಹಾಲಿಂಗಪುರದ ಬೆಲ್ಲದ ಪೇಟೆ ನೋಡಿದವರಿಗೆ ಈ ತಪ್ಪು ಏನೆಂದು ಬಿಡಿಸಿ ಹೇಳಬೇಕಾಗಿಲ್ಲ.

ಒಂದು ಕಡೆ ಮಾತ್ರ ದೇಶದ ಸಾಲ ರೈತನ ಸಾಲಕ್ಕಿಂತ ಕಠಿಣ. ಜಾಂಬಿಯಾ ತನ್ನ ನೋಟು ಕ್ವಾಚಾವನ್ನು ಎಷ್ಟು ಬೇಕಾದರೂ ಅಚ್ಚು ಹಾಕಬಹುದು. ಸಾಲ ತೀರಿಸಬೇಕಾದದ್ದು ಡಾಲರಿನಲ್ಲಿ. ಡಾಲರು ಬರುವುದು ಹೊರಗೆ ಏನಾದರೂ ಮಾರಿದರೆ. ಹಾಗಾಗಿ ಒಂದು ದೇಶದ ಸಾಲ ಹೊರಲಾರದಷ್ಟು ಭಾರವೋ ಅಲ್ಲವೋ ಎಂದು ಅಳೆಯುವವರು ಜನಸಂಖ್ಯೆಯನ್ನೋ ಜಮೀನನ್ನೋ ನೋಡದೆ ರಫ್ತನ್ನು ನೋಡುತ್ತಾರೆ.

ಈಗ ಕಾಕಾನ ಮೊದಲ ಪ್ರಶ್ನೆ: ಯಾರು ಮಾಡುತ್ತಾರೆ? ಸಾಲ ಕೊಟ್ಟವರೇ. 1956ರಿಂದ ಸಾಲ ಕೊಟ್ಟ ಶ್ರೀಮಂತ ದೇಶಗಳ ಒಂದು ಕೂಟ ಇದೆ, ಪ್ಯಾರಿಸ್ ಕ್ಲಬ್ ಎಂದು ಹೆಸರು. ಅವರು ಮುದ್ದತ್ತು ಮುಂದೆ ಹಾಕುತ್ತಿದ್ದರು, ಅಲ್ಲಷ್ಟು ಇಲ್ಲಷ್ಟು ಬಿಡುತ್ತಿದ್ದರು. ವಿಶ್ವಬ್ಯಾಂಕ್ ಮತ್ತು ಐಎಂಎಫ್ (ಅಂತರರಾಷ್ಟ್ರೀಯ ಹಣಕಾಸು ನಿಧಿ) ಮಾತ್ರ ತಮ್ಮ ಸಾಲ ಬಿಡುವ ಮಾತೇ ಇಲ್ಲ ಎಂದು ಕೂತಿದ್ದವು. ಆಗಿದ್ದ ತಮಾಷೆ ಏನೆಂದರೆ, ಅವರ ಕಂತು ತಪ್ಪಬಾರದೆಂದು ಉಳಿದ ದೇಶಗಳು ಹೊಸ ಸಾಲ, ನೆರವು ಕೊಡುತ್ತಿದ್ದವು. ಮಾರ್ಚ್ ಕೊನೆಯಲ್ಲಿ ಎರಡು ದಿನದ ಮಟ್ಟಿಗೆ ಕೈಗಡ ತಂದು ಸೊಸೈಟಿಯ ಹಳೇದು ತುಂಬಿ, ಹೊಸದು ಎತ್ತಿ ಕೈಗಡ ತಿರುಗಿ ಕೊಡುತ್ತಾರಲ್ಲ, ಹಾಗೆ. ಪುಸ್ತಕದಲ್ಲಿ ಎಲ್ಲಾ ಸರಿ, ಹೊಲದಲ್ಲಿ ಏನೂ ಇಲ್ಲ.

1996ರಲ್ಲಿ ಆ ಎರಡೂ ಸಂಸ್ಥೆಗಳು ಮಣಿದು ಒಂದು ಯೋಜನೆ ತಂದವು. ವಿಪರೀತ ಸಾಲದಲ್ಲಿ ಮುಳುಗಿದ ಬಡ ದೇಶಗಳ ಯೋಜನೆ ಎಂದು ಅದರ ಅರ್ಥ. ಎಲ್ಲರೂ ಹಿಪಿಕ್ ಅನ್ನುತ್ತಾರೆ. ಮೊದಲ ರೂಪ ಬಹಳ ಜಿಪುಣತನದ್ದು. 1998ರ ಮೇನಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಶ್ರೀಮಂತ ದೇಶಗಳ ನಾಯಕರು ಸೇರಿದಾಗ ಜುಬಿಲಿ 2000 ಎಂಬ ಚಳವಳಿಯ ಸುಮಾರು 70,000 ಜನ ಕೈ ಕೈ ಹಿಡಿದು ಊರ ಸುತ್ತ ಸರಪಳಿ ಕಟ್ಟಿದರು. ಮರುವರ್ಷವೇ ಯೋಜನೆ ಸಡಿಲಾಯಿತು. 2005ರಲ್ಲಿ ಇನ್ನೊಂದು ಹೆಜ್ಜೆ: ಹಿಪಿಕ್ ಪೂರೈಸಿದ ದೇಶಗಳಿಗೆ ವಿಶ್ವಬ್ಯಾಂಕ್, ಐಎಂಎಫ್, ಆಫ್ರಿಕಾ ಅಭಿವೃದ್ಧಿ ನಿಧಿಯ ಹಳೆಯ ಸಾಲ ಪೂರ್ತಿ ಮನ್ನಾ. ನಡುವೆ 2003ರಲ್ಲಿ ನಮ್ಮ ಭಾರತವೂ ತಾನು ಕೆಲವು ಬಡ ದೇಶಗಳಿಗೆ ಕೊಟ್ಟಿದ್ದ ಸಾಲ ಬಿಟ್ಟಿತು. ಇದನ್ನು ಹೇಳಿದಾಗ ಕಾಕಾ ಪೇಪರು ಮಡಚಿ ಕೆಳಗಿಟ್ಟರು. "ನಾವೂ ಸಾಲ ಕೊಟ್ಟಿದ್ದಿವ್ಯಾ?"

ಯೋಜನೆ ನಡೆಯುವ ರೀತಿ ಹೀಗೆ. ಮೊದಲು ಭಾರ ಅಳೆಯುತ್ತಾರೆ, ಅದೂ ಸಾಲದ ಮುಖಬೆಲೆಯಲ್ಲಿ ಅಲ್ಲ. ವಿಶ್ವಬ್ಯಾಂಕಿನ ಐಡಿಎ ಎಂಬ ಶಾಖೆ ಬಡ ದೇಶಗಳಿಗೆ 40 ವರ್ಷದ ಸಾಲ ಕೊಡುತ್ತಿತ್ತು. ಮೊದಲ 10 ವರ್ಷ ಅಸಲು ಕೇಳುವುದಿಲ್ಲ, ಬಡ್ಡಿ ಅಂತ ಇಲ್ಲ, ವರ್ಷಕ್ಕೆ ಮುಕ್ಕಾಲು ಪರ್ಸೆಂಟ್ ಸೇವಾ ಶುಲ್ಕ ಮಾತ್ರ. ಅಂಥ 100 ರೂಪಾಯಿಯೂ, ತಿಂಗಳಿಗೆ ಮೂರು ಪರ್ಸೆಂಟಿನಂತೆ ಖಾಸಗಿಯವರ ಕಡೆ ತಂದ 100 ರೂಪಾಯಿಯೂ ಒಂದೇ ಭಾರವೇ? ಅದಕ್ಕೇ ಇವತ್ತಿನ ಬೆಲೆ ಎಂಬ ಲೆಕ್ಕ: ಮುಂದೆ ಕಟ್ಟಬೇಕಾದ ಎಲ್ಲಾ ಕಂತು ತೀರಬೇಕಾದರೆ ಇವತ್ತು ಬ್ಯಾಂಕಿನಲ್ಲಿ ಎಷ್ಟು ಇಡಬೇಕು ಎಂದು. ಸೋವಿ ಸಾಲದ ಇವತ್ತಿನ ಬೆಲೆ ಅದರ ಅಸಲಿಗಿಂತ ಬಹಳ ಕಡಿಮೆ ಬರುತ್ತದೆ. ಈ ಬೆಲೆ ಒಂದು ವರ್ಷದ ರಫ್ತಿನ ಒಂದೂವರೆ ಪಟ್ಟಿಗಿಂತ ಹೆಚ್ಚಿದ್ದರೆ ಭಾರ ಮಿತಿಮೀರಿದೆ ಎಂದು ತೀರ್ಮಾನ. ಹೆಚ್ಚಿದ್ದಷ್ಟನ್ನು ಎಲ್ಲಾ ಸಾಲಗಾರರು, ಅಂದರೆ ಸಾಲ ಕೊಟ್ಟವರು, ಪಾಲು ಪ್ರಕಾರ ಬಿಡಬೇಕು. (ನಮ್ಮ ಕಡೆ ಸಾಲಗಾರ ಎಂದರೆ ಕೊಟ್ಟವನೂ ಹೌದು, ತಂದವನೂ ಹೌದು. ಈ ವಿಷಯದ ಮೇಲೆ ಬರೆಯುವಾಗ ಅದೊಂದು ಪೀಡೆ.)

ಬಾಗಿಲು ಎರಡು. ಮೊದಲ ಬಾಗಿಲಿನಲ್ಲಿ, ನಿಮಗೆ ಇಷ್ಟು ಬಿಡುತ್ತೇವೆ ಎಂಬ ಮಾತು ಸಿಗುತ್ತದೆ, ಕಂತು ಸ್ವಲ್ಪ ಇಳಿಯುತ್ತದೆ. ಪೂರ್ತಿ ಬೋಜಾ ಇಳಿಯುವುದು ಎರಡನೇ ಬಾಗಿಲು ದಾಟಿದ ಮೇಲೆ. ನಡುವೆ ಐಎಂಎಫ್ ಹೇಳಿದ ಶಿಸ್ತು ಪಾಲಿಸಬೇಕು, ಬಡತನ ಇಳಿಸುವ ಯೋಜನೆಯನ್ನು ದೇಶವೇ ಬರೆದು ಒಂದು ವರ್ಷವಾದರೂ ನಡೆಸಿ ತೋರಿಸಬೇಕು. ದೇಶವೇ ಬರೆಯಬೇಕು ಎಂದರೂ, ಕೆಲವು ಯೋಜನೆಗಳನ್ನು ಓದಿದರೆ ಬ್ಯಾಂಕಿನ ಮ್ಯಾನೇಜರೇ ಅರ್ಜಿ ತುಂಬಿ ರೈತನ ಹೆಬ್ಬೆಟ್ಟು ಒತ್ತಿಸಿಕೊಂಡಂತೆ ಕಾಣುತ್ತದೆ. ಸೊಮಾಲಿಯಾ ಸೇರಿ ಈವರೆಗೆ 37 ದೇಶಗಳು ಎರಡೂ ಬಾಗಿಲು ದಾಟಿವೆ.

ಎಲ್ಲರಿಗಿಂತ ಮೊದಲು ದಾಟಿದ್ದು ಉಗಾಂಡಾ, 1998ರ ಏಪ್ರಿಲ್‌ನಲ್ಲಿ. ಸಡಿಲಾದ ಯೋಜನೆಯಲ್ಲಿ ಮತ್ತೆ 2000ದಲ್ಲಿ. ಎರಡು ಸುತ್ತಿಗೂ ಸೇರಿ ಸುಮಾರು 200 ಕೋಟಿ ಡಾಲರ್ ಮನ್ನಾ. ಆದರೆ 200 ಕೋಟಿ ಒಮ್ಮೆಲೇ ಖಜಾನೆಗೆ ಬಂದು ಬೀಳಲಿಲ್ಲ. ಮುಂದಿನ ಎಷ್ಟೋ ವರ್ಷಗಳಲ್ಲಿ ಕಟ್ಟಬೇಕಾಗಿದ್ದ ಕಂತುಗಳ ಮೊತ್ತ ಅದು. ವರ್ಷ ವರ್ಷಕ್ಕೆ ಅದರ ಸಣ್ಣ ತುಂಡು ಉಳಿಯುತ್ತದೆ. ಉಗಾಂಡಾ ಕಂತು ಕಟ್ಟುತ್ತಿದ್ದ ದೇಶವಾದ್ದರಿಂದ ಅಲ್ಲಿ ನಿಜವಾಗಿಯೂ ಏನೋ ಉಳಿಯಿತು. ಉಳಿದದ್ದು ಅಧ್ಯಕ್ಷರ ಭವನಕ್ಕೋ ಸೈನ್ಯಕ್ಕೋ ಹರಿಯಬಾರದೆಂದು 1998ರಲ್ಲಿ ಬಜೆಟ್ಟಿನೊಳಗೇ ಬಡತನ ನಿವಾರಣಾ ನಿಧಿ ಎಂದು ಒಂದು ಬೇಲಿ ಹಾಕಿದರು. ಪ್ರಾಥಮಿಕ ಶಾಲೆ, ಆರೋಗ್ಯ ಕೇಂದ್ರ, ಕುಡಿಯುವ ನೀರು, ಹಳ್ಳಿ ರಸ್ತೆ, ಕೃಷಿ ವಿಸ್ತರಣೆ ಆ ಬೇಲಿಯೊಳಗೆ. ವರ್ಷದ ನಡುವೆ ತೆರಿಗೆ ಕಡಿಮೆ ಬಂದರೆ ಬೇರೆ ಇಲಾಖೆಗೆ ಕತ್ತರಿ, ಇದಕ್ಕಿಲ್ಲ. ನಿಧಿಯ ಲೆಕ್ಕವನ್ನು ಹೊರಗಿನ ಸಂಘ ಸಂಸ್ಥೆಗಳ ಮುಂದೆ ಕೂತು ಒಪ್ಪಿಸಬೇಕಿತ್ತು.

ಅದಕ್ಕಿಂತ ಒಂದು ವರ್ಷ ಮೊದಲು, 1997ರಲ್ಲಿ, ಪ್ರಾಥಮಿಕ ಶಾಲೆಯ ಫೀ ತೆಗೆದುಹಾಕಿದ್ದರು. ಶಾಲೆಗೆ ಬರುವ ಮಕ್ಕಳ ಸಂಖ್ಯೆ ಸುಮಾರು 30 ಲಕ್ಷದಿಂದ ಒಂದೇ ವರ್ಷದಲ್ಲಿ 50 ಲಕ್ಷ ದಾಟಿತು. ಎಲ್ಲಿಂದ ಮಾಸ್ತರು, ಎಲ್ಲಿಂದ ಕೋಣೆ? ಒಂದು ತರಗತಿಯಲ್ಲಿ ನೂರಕ್ಕೂ ಹೆಚ್ಚು ಮಕ್ಕಳು ಕೂತ ಶಾಲೆಗಳಿದ್ದವು, ಮರದಡಿ ನಡೆದ ತರಗತಿಗಳಿದ್ದವು. ಮನ್ನಾದ ರೊಕ್ಕ ಕೋಣೆ ಕಟ್ಟಲು, ಮಾಸ್ತರರ ಪಗಾರಿಗೆ ಹೋಯಿತು. ಕಲಿಕೆ ಅಷ್ಟು ಸುಧಾರಿಸಲಿಲ್ಲ. ಇದನ್ನು ಉಗಾಂಡಾದವರೇ ಒಪ್ಪುತ್ತಾರೆ.

ನನಗೆ ಈ ಇಡೀ ಕತೆಯಲ್ಲಿ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಮನ್ನಾ ಅಲ್ಲ, ಒಂದು ಬೋರ್ಡು. 1990ರ ದಶಕದ ನಡುವೆ ಉಗಾಂಡಾದಲ್ಲಿ ಒಂದು ಸಮೀಕ್ಷೆ ನಡೆಯಿತು. ಸರಕಾರ ಪ್ರತಿ ಮಗುವಿನ ಲೆಕ್ಕದಲ್ಲಿ ಶಾಲೆಗಳಿಗೆ ಅನುದಾನ ಬಿಡುತ್ತಿತ್ತು. ರಾಜಧಾನಿ ಕಂಪಾಲಾದ ಪುಸ್ತಕದಲ್ಲಿ ಬಿಟ್ಟದ್ದು ಎಷ್ಟು, ಶಾಲೆಯ ಪುಸ್ತಕದಲ್ಲಿ ಬಂದದ್ದು ಎಷ್ಟು ಎಂದು 250 ಶಾಲೆಗಳಲ್ಲಿ ತಾಳೆ ನೋಡಿದರು. 1991ರಿಂದ 1995ರವರೆಗೆ ಸರಾಸರಿ 100ಕ್ಕೆ 13 ಮಾತ್ರ ಶಾಲೆ ಮುಟ್ಟಿತ್ತು. ಬಹಳಷ್ಟು ಶಾಲೆಗಳಿಗೆ ಏನೂ ಬಂದಿರಲಿಲ್ಲ, ತಮಗೆ ಅಂಥ ಅನುದಾನ ಇದೆ ಎಂಬುದೇ ಗೊತ್ತಿರಲಿಲ್ಲ. ಉಳಿದದ್ದು ಜಿಲ್ಲಾ ಕಚೇರಿಗಳ ಮಟ್ಟದಲ್ಲೇ ಸೋರಿಹೋಗಿತ್ತು.

ಸರಕಾರ ಮಾಡಿದ್ದು ಬಹಳ ಸಾದಾ ಕೆಲಸ. ಯಾವ ಜಿಲ್ಲೆಗೆ ಈ ತಿಂಗಳು ಎಷ್ಟು ಬಿಟ್ಟಿದ್ದೇವೆ ಎಂದು ಪೇಪರಿನಲ್ಲಿ ಹಾಕಿತು. ಬಂದ ಮೊತ್ತವನ್ನು ಶಾಲೆಯ ಗೋಡೆಯ ಮೇಲೆ ಬರೆದು ಹಚ್ಚಬೇಕು ಎಂದು ಆದೇಶ ಕೊಟ್ಟಿತು. ಮಗುವಿನ ಅಪ್ಪ ಪೇಪರು ಓದಿ ಬೋರ್ಡು ನೋಡಬಹುದು, ಬಾಕಿ ಎಲ್ಲಿ ಎಂದು ಹೆಡ್‌ಮಾಸ್ತರರನ್ನು ಕೇಳಬಹುದು. ಹೆಡ್‌ಮಾಸ್ತರರು ಜಿಲ್ಲೆಯವರನ್ನು ಕೇಳಬಹುದು. 2001ರಲ್ಲಿ ಮತ್ತೆ ತಾಳೆ ನೋಡಿದಾಗ 100ಕ್ಕೆ 80ಕ್ಕಿಂತ ಹೆಚ್ಚು ಶಾಲೆ ಮುಟ್ಟುತ್ತಿತ್ತು. ಬೇರೆ ಸುಧಾರಣೆಗಳೂ ಅದೇ ಹೊತ್ತಿಗೆ ನಡೆದಿದ್ದವು, ಎಲ್ಲಾ ಪುಣ್ಯ ಬೋರ್ಡಿಗೇ ಕೊಡಬೇಡಿ ಎನ್ನುವವರಿದ್ದಾರೆ. ಇರಲಿ. ಮನ್ನಾದಿಂದ ಉಳಿದ 100 ರೂಪಾಯಿಯಲ್ಲಿ 13 ಮುಟ್ಟುವ ದೇಶಕ್ಕೂ 80 ಮುಟ್ಟುವ ದೇಶಕ್ಕೂ ಸಾಲ ಮನ್ನಾ ಎಂಬ ಒಂದೇ ಶಬ್ದ ಬಳಸಿದರೆ ಏನೂ ಹೇಳಿದ ಹಾಗಾಗುವುದಿಲ್ಲ.

ಇಷ್ಟು ಹೇಳುವಾಗ ಕಾಕಾ ತಿರುಗಿ ಸೊಸೈಟಿಯ ಗೋಡೆ ನೋಡಿದರು. ಯೂರಿಯಾ ಬಂದಿದೆ ಎಂಬ ಚೀಟಿ, ಅದರ ಕೆಳಗೆ ಹನ್ನೊಂದು ಜನ ಸುಸ್ತಿದಾರರ ಹೆಸರು, ಅಪ್ಪನ ಹೆಸರು, ಬಾಕಿ. "ನಮ್ಮ ಬೋರ್ಡಿನ ಮ್ಯಾಲೆ ಕೊಡಬೇಕಾದವರ ಹೆಸರು ಇರತಾವು. ಬಂದದ್ದು ಎಷ್ಟು ಅಂತ ಯಾವಾಗ ಬರದಾರ?" ಒಳಗಿನಿಂದ ಸೆಕ್ರೆಟರಿ ಕೆಮ್ಮಿದರು.

ಉಗಾಂಡಾದ ಬಡತನ ಇಳಿದದ್ದು ನಿಜ. ಅಲ್ಲಿನ ಸರಕಾರಿ ಲೆಕ್ಕದ ಪ್ರಕಾರ 1992ರಲ್ಲಿ 100ಕ್ಕೆ 56 ಜನ ಬಡವರು. 2012–13ಕ್ಕೆ 20ರ ಹತ್ತಿರ ಬಂತು. ಆದರೆ ಈ ಇಳಿತದ ದೊಡ್ಡ ಪಾಲು 2000ದ ಒಳಗೇ ಆಗಿಹೋಗಿತ್ತು, ಅಂದರೆ ಮನ್ನಾದ ರೊಕ್ಕ ಸರಿಯಾಗಿ ಹರಿಯುವ ಮೊದಲೇ. ದೇಶದ ಬಹುಪಾಲು ಕಡೆ ಒಳಜಗಳ ನಿಂತದ್ದು, 1990ರ ದಶಕದ ನಡುವೆ ಕಾಫಿಗೆ ಒಳ್ಳೆ ದರ ಬಂದದ್ದು ಕಾರಣ. ಮನ್ನಾವೇ ಬಡತನ ಓಡಿಸಿತು ಎನ್ನುವ ಭಾಷಣ ಕೇಳಿದಾಗ ಇದು ನೆನಪಿರಲಿ. ಇನ್ನೂ ಒಂದು: ಮನ್ನಾ ಆದ ಕೆಲವೇ ವರ್ಷದಲ್ಲಿ ಕಾಫಿ ದರ ಬಿದ್ದು, ಉಗಾಂಡಾದ ಸಾಲ ಮತ್ತೆ ರಫ್ತಿನ ಒಂದೂವರೆ ಪಟ್ಟಿನ ಗೆರೆ ದಾಟಿತು. ಸಾಲ ಮೊದಲಿನಷ್ಟೇ ಇದ್ದರೂ ರಫ್ತು ಕುಸಿದರೆ ಭಾರ ಹೆಚ್ಚಾಗುತ್ತದೆ. ಬೋಜಾ ಇಳಿಸಬಹುದು, ದರ ಇಳಿಯುವುದನ್ನು ಯಾವ ಸಭೆಯೂ ನಿಲ್ಲಿಸಲಾರದು.

ಜಾಂಬಿಯಾಕ್ಕೆ ತಿರುಗಿ ಬರೋಣ. ಅಲ್ಲೊಂದು ಟ್ರ್ಯಾಕ್ಟರಿನ ಕತೆ ಇದೆ.

1979ರಲ್ಲಿ ರೊಮಾನಿಯಾ ತನ್ನ ಟ್ರ್ಯಾಕ್ಟರು, ಕೃಷಿ ಯಂತ್ರಗಳನ್ನು ಜಾಂಬಿಯಾಕ್ಕೆ ಉದ್ರಿ ಕೊಟ್ಟಿತ್ತು, ಸುಮಾರು 1.5 ಕೋಟಿ ಡಾಲರ್. ಜಾಂಬಿಯಾ ಕಟ್ಟಲಾಗಲಿಲ್ಲ. ಬಡ್ಡಿ ಬೆಳೆದು ಸಾಲ 3 ಕೋಟಿ ಡಾಲರಿನ ಹತ್ತಿರ ಬಂತು. 1999ರಲ್ಲಿ ರೊಮಾನಿಯಾ ಇದನ್ನು ಹಗುರ ಮಾಡಿಕೊಳ್ಳಲು ಹೊರಟಾಗ ಡೊನೆಗಲ್ ಇಂಟರ್‌ನ್ಯಾಷನಲ್ ಎಂಬ ಕಂಪನಿ ನಡುವೆ ನುಗ್ಗಿ ಆ ಸಾಲದ ಪತ್ರವನ್ನು ಸುಮಾರು 33 ಲಕ್ಷ ಡಾಲರಿಗೆ ಕೊಂಡಿತು. ಉಳಿದ ದೇಶಗಳು 2005ರಲ್ಲಿ ಜಾಂಬಿಯಾದ ಸಾಲ ಬಿಟ್ಟು, ಅದರ ಕೈಯಲ್ಲಿ ನಾಲ್ಕು ಕಾಸು ಓಡಾಡುವುದು ಕಂಡಾಗ ಈ ಕಂಪನಿ ಲಂಡನ್ನಿನ ಕೋರ್ಟಿನಲ್ಲಿ ನಿಂತು ಬಡ್ಡಿ, ದಂಡ ಎಲ್ಲಾ ಸೇರಿ 5.5 ಕೋಟಿ ಡಾಲರ್ ಕೇಳಿತು. 2007ರಲ್ಲಿ ಕೋರ್ಟು ಸುಮಾರು 1.55 ಕೋಟಿ ಡಾಲರ್ ಕೊಡಿಸಿತು. ಹಾಕಿದ್ದಕ್ಕೆ ನಾಲ್ಕು ಪಟ್ಟಿಗಿಂತ ಹೆಚ್ಚು. ಇಂಥ ಕಂಪನಿಗಳಿಗೆ ರಣಹದ್ದು ಫಂಡ್ ಎಂದೇ ಹೆಸರು. ಇಂಗ್ಲೆಂಡ್ 2010ರಲ್ಲಿ ಹಿಪಿಕ್ ದೇಶಗಳ ಮೇಲೆ ಹೀಗೆ ದಾವೆ ಹೂಡಿ ಗೆಬರುವುದಕ್ಕೆ ಮಿತಿ ಹಾಕುವ ಕಾಯ್ದೆ ತಂದಿತು.

ಹತ್ತು ಜನ ಸಾಲ ಕೊಟ್ಟವರಲ್ಲಿ ಒಂಬತ್ತು ಜನ ಬಿಟ್ಟರೆ, ಬಿಡದ ಹತ್ತನೆಯವನಿಗೇ ಲಾಭ. ಇದು ಎಲ್ಲರಿಗೂ ಗೊತ್ತಿರುವುದರಿಂದ ಯಾರೂ ಮೊದಲು ಬಿಡಲು ಒಪ್ಪುವುದಿಲ್ಲ. ದೇಶಗಳ ಸಾಲದ ಮಾತುಕತೆ ವರ್ಷಗಟ್ಟಲೆ ಎಳೆಯುವುದು ಈ ಕಾರಣಕ್ಕೆ. ಒಬ್ಬ ರೈತ ಬ್ಯಾಂಕು, ಸೊಸೈಟಿ, ಬಂಗಾರದ ಅಂಗಡಿ, ಗೊಬ್ಬರದ ಅಂಗಡಿ ನಾಲ್ಕೂ ಕಡೆ ಬಾಕಿ ಇದ್ದಾಗ ಸರಕಾರ ಬ್ಯಾಂಕಿನದನ್ನು ಮನ್ನಾ ಮಾಡಿತೆನ್ನಿ; ಮರುದಿನ ಬಾಗಿಲಲ್ಲಿ ನಿಲ್ಲುವವನು ಗೊಬ್ಬರದ ಅಂಗಡಿಯವನು.

2005ರ ಮನ್ನಾದಿಂದ ಜಾಂಬಿಯಾದ ವಿದೇಶಿ ಸಾಲ ಸುಮಾರು 700 ಕೋಟಿ ಡಾಲರಿನಿಂದ 100 ಕೋಟಿಗಿಂತ ಕೆಳಗಿಳಿಯಿತು. 2006ರ ಏಪ್ರಿಲ್‌ನಲ್ಲಿ ಹಳ್ಳಿಯ ಆಸ್ಪತ್ರೆಗಳಲ್ಲಿ ಫೀ ತೆಗೆದರು. ಆಗ ತಾಮ್ರದ ದರವೂ ಏರಿತು. ಚೊಕ್ಕ ಉತಾರ, ಮೇಲಿಂದ ಒಳ್ಳೆ ಫಸಲು. ಸಾಲ ಕೊಡುವವರು ಹುಡುಕಿಕೊಂಡು ಬಂದರು. ಈ ಸಲ ಬಂದವರು 40 ವರ್ಷದ ಸೋವಿ ಸಾಲದವರಲ್ಲ. 2012ರಲ್ಲಿ ಲಂಡನ್ ಪೇಟೆಯಲ್ಲಿ 75 ಕೋಟಿ ಡಾಲರಿನ ಬಾಂಡು (ಪೇಟೆಯಲ್ಲಿ ಮಾರುವ ಸಾಲಪತ್ರ), 2014ರಲ್ಲಿ 100 ಕೋಟಿ, 2015ರಲ್ಲಿ 125 ಕೋಟಿ. ರಸ್ತೆ, ವಿಮಾನ ನಿಲ್ದಾಣ, ವಿದ್ಯುತ್ತಿಗೆ ಚೀನಾದಿಂದ ಇನ್ನಷ್ಟು. ಮೊದಲ ಬಾಂಡಿಗೆ ಬಡ್ಡಿ ಐದೂವರೆ ಪರ್ಸೆಂಟಿನ ಆಸುಪಾಸು. ತಾಮ್ರ ಮತ್ತೆ ಬಿದ್ದ 2015ರಲ್ಲಿ ಒಂಬತ್ತರ ಹತ್ತಿರ. 2020ರ ನವೆಂಬರಿನಲ್ಲಿ 4.25 ಕೋಟಿ ಡಾಲರಿನ ಒಂದು ಬಡ್ಡಿ ಕಂತು ತಪ್ಪಿತು, ಜಾಂಬಿಯಾ ಮತ್ತೆ ಸುಸ್ತಿದಾರರ ಪಟ್ಟಿಗೆ ಸೇರಿತು. ಮೊದಲ ಮನ್ನಾ ಆಗಿ ಹದಿನೈದೇ ವರ್ಷ. 2022ರ ಲೆಕ್ಕದಲ್ಲೂ ಅಲ್ಲಿ 100ಕ್ಕೆ 60 ಜನ ಬಡವರು.

ಕಾಕಾ ನಡುವೆ ಬಾಯಿ ಹಾಕಲಿಲ್ಲ. 2018ರ ಮನ್ನಾ ಆಗಿ ಉತಾರ ಚೊಕ್ಕಾದ ಎಂಟನೇ ದಿನಕ್ಕೆ ಅವರೂ ಸೊಸೈಟಿಯಿಂದ ಹೊಸ ಸಾಲ ಎತ್ತಿ ಮೂರನೇ ಬೋರು ಹೊಡೆಸಿದ್ದರು. ಅದಕ್ಕೆ ನೀರು ಬಿತ್ತು. ನಾಲ್ಕನೆಯದಕ್ಕೆ ಬೀಳಲಿಲ್ಲ. ಇದನ್ನು ನಾನು ನೆನಪಿಸಲಿಲ್ಲ; ದೊಡ್ಡವರಿಗೆ ಅಂಥಾದ್ದನ್ನೆಲ್ಲಾ ನೆನಪಿಸಬಾರದು.

ಜಾಂಬಿಯಾದ ಎರಡನೇ ಮಾತುಕತೆ ಮೊದಲಿನದಕ್ಕಿಂತ ತಲೆನೋವಿನದು, ಏಕೆಂದರೆ ಕೊಟ್ಟವರು ಈಗ ಬೇರೆ. ಪ್ಯಾರಿಸ್ ಕ್ಲಬ್ಬಿಗಿಂತ ಚೀನಾದ ಪಾಲು ದೊಡ್ಡದು, ಮೇಲಿಂದ ಯಾರ್ಯಾರೋ ಕೊಂಡ ಬಾಂಡುಗಳು. ಇವರನ್ನೆಲ್ಲಾ ಒಂದೇ ಜಮಖಾನೆಯ ಮೇಲೆ ಕೂಡಿಸಲು ಜಿ20 ದೇಶಗಳು 2020ರಲ್ಲಿ ಒಂದು ಚೌಕಟ್ಟು ಮಾಡಿದವು. 2023ರ ಫೆಬ್ರುವರಿಯಲ್ಲಿ ಭಾರತ ಜಿ20 ಅಧ್ಯಕ್ಷ ಸ್ಥಾನದಲ್ಲಿದ್ದಾಗ, ಸಾಲ ಕೊಟ್ಟವರು, ತಂದವರು ಇಬ್ಬರೂ ಎದುರುಬದುರು ಕೂತ ದುಂಡುಮೇಜಿನ ಸಭೆ ನಡೆದದ್ದು ನಮ್ಮ ಬೆಂಗಳೂರಿನಲ್ಲಿ. ಆ ವರ್ಷ ಜೂನ್‌ನಲ್ಲಿ ಒಪ್ಪಂದ ಆಯಿತು: ಸರಕಾರಗಳಿಗೆ ಕೊಡಬೇಕಾದ 630 ಕೋಟಿ ಡಾಲರಿಗೆ ಮುದ್ದತ್ತು 2043ರವರೆಗೆ, ಮೊದಲ ಕೆಲವು ವರ್ಷ ಅಸಲು ಕೇಳುವುದಿಲ್ಲ, ಬಡ್ಡಿ ಬಹಳ ವರ್ಷ ಒಂದೇ ಪರ್ಸೆಂಟ್. ಗಮನಿಸಿ, ಈ ಸಲ ಅಸಲು ಮನ್ನಾ ಇಲ್ಲ. ಆದರೆ ಇವತ್ತಿನ ಬೆಲೆಯ ಲೆಕ್ಕ ಹಾಕಿದರೆ ಇದೂ ದೊಡ್ಡ ಮನ್ನಾವೇ. ಆ ಲೆಕ್ಕ ಕಲಿತವರಿಗೆ ಮಾತ್ರ ಅದು ಕಾಣುತ್ತದೆ, ಹೆಡ್‌ಲೈನಿನಲ್ಲಿ ಕಾಣುವುದಿಲ್ಲ.

"2043 ಅಂದ್ಯಾ?" ಕಾಕಾ ಬೆರಳು ಮಡಚಿ ಎಣಿಸಿದರು. "ಒಂದ ಪರ್ಸೆಂಟು?"

"ಹೌದ್ರಿ ಕಾಕಾ."

ಅಂಗಿಯ ಕಿಸೆಯಿಂದ ನಾಲ್ಕು ಮಡಿಕೆ ಮಾಡಿದ ಪಾವತಿ ತೆಗೆದು ಬಿಚ್ಚಿ ನೋಡಿದರು. ಸೊಸೈಟಿಯ ಮುದ್ದತ್ತು ಮಾರ್ಚ್ 31. ಮತ್ತೆ ಮಡಚಿ ಕಿಸೆಗಿಟ್ಟು, ಫ್ಯಾಕ್ಟರಿಯ ಮೊದಲ ಬಿಲ್ಲು ಯಾವಾಗ ಹಾಕುತ್ತಾರಂತೆ ಎಂದು ಸೆಕ್ರೆಟರಿಯನ್ನು ಕೇಳಲು ಒಳಗೆ ಹೋದರು.